ಎಡಿ620 ಹಾಕಿದೆ, ಇಸಿಜಿ ಬರುತ್ತಿಲ್ಲ. ಯಾವ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಚಿಪ್ ತಗೋಬೇಕು?

ಕಾಫಿತೋಟ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಅಂತ ಇಸಿಜಿ ತೆಗೆಯುವ ಸಣ್ಣ ಬೋರ್ಡ್ ಮಾಡುತ್ತಿದ್ದೇನೆ. ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಲೆಕ್ಕ ಮಾತ್ರ ಸಾಲದು. ಪ್ರತಿ ಬಡಿತದಲ್ಲಿ ಬರುವ ಸಣ್ಣ ಅಲೆಗಳಾದ ಪಿ ಅಲೆ, ಟಿ ಅಲೆ ಕೂಡ ಸ್ಕ್ರೀನ್ ಮೇಲೆ ಕಾಣಬೇಕು ಅಂತ ನನಗೆ ಆಸೆ.

ಎಡಿ620 ತಗೊಂಡೆ. ಅದು ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್, ಅಂದರೆ ಎರಡು ಇನ್‌ಪುಟ್‌ಗಳ ನಡುವಿನ ಸಣ್ಣ ವ್ಯತ್ಯಾಸವನ್ನು ದೊಡ್ಡದು ಮಾಡುವ ಚಿಪ್. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್‌ನ 3.3 ವೋಲ್ಟ್‌ನಿಂದಲೇ ಸಪ್ಲೈ ಕೊಟ್ಟೆ. ಇಸಿಜಿ ಸಿಗ್ನಲ್ 1 ಮಿಲಿವೋಲ್ಟ್ ಆಸುಪಾಸು ಅಂತ ಓದಿದ್ದೆ. ಅದಕ್ಕೇ ಗೇನ್ (ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು) 1000 ಬರಲಿ ಅಂತ 47 ಓಮ್ ರೆಸಿಸ್ಟರ್ ಹಾಕಿದೆ. ಔಟ್‌ಪುಟ್ ಒಂದೇ ಕಡೆ ಅಂಟಿಕೊಂಡು ಕೂತಿದೆ. ವೈರ್ ಮುಟ್ಟಿದರೆ ಕೆಲವೊಮ್ಮೆ 50 ಹರ್ಟ್ಝ್ ಅಲೆ ಬರುತ್ತದೆ, ಅಷ್ಟೇ.

ಒಬ್ಬರು ಐಎನ್‌ಎ128 ತಗೋ ಅಂತಾರೆ. ಇನ್ನೊಬ್ಬರು ಐಎನ್‌ಎ333 ಅಂತಾರೆ. ಸೀನಿಯರ್ಸ್ ಎಲ್‌ಎಂ324ರಲ್ಲಿ ಮೂರು ಆಪ್-ಆಂಪ್ ಸೇರಿಸಿ ಮಾಡಿದ್ದರಂತೆ. ಎಡಿ8232 ಮಾಡ್ಯೂಲ್ ತಂದರೆ ಎಲ್ಲಾ ಒಂದೇ ಸಲ ಮುಗಿಯುತ್ತೆ ಅನ್ನುವವರೂ ಇದ್ದಾರೆ. ಕೈಯಲ್ಲಿ 1500 ರೂಪಾಯಿ ಇದೆ, ಇನ್ನೊಂದು ಸಲ ತಪ್ಪು ತಗೊಳ್ಳೋಕೆ ಮನಸ್ಸಿಲ್ಲ. ದಯವಿಟ್ಟು ಹೇಳಿ.

ಬೆಸುಗೆಕಡ್ಡಿ · ಸೋಮವಾರ ರಾತ್ರಿ 10:05

ಚಿಪ್ ಬದಲಾಯಿಸುವ ಮೊದಲು ಒಂದಿಷ್ಟು ವಿಷಯ ಹೇಳಮ್ಮ. 5ನೇ ಪಿನ್, ಅಂದರೆ ರೆಫರೆನ್ಸ್ ಪಿನ್, ಎಲ್ಲಿಗೆ ಹೋಗಿದೆ? ಎಲೆಕ್ಟ್ರೋಡ್ ಎಂಥದು, ಎಷ್ಟು? ಇನ್‌ಪುಟ್‌ನಿಂದ ಗ್ರೌಂಡ್‌ಗೆ ಏನಾದರೂ ರೆಸಿಸ್ಟರ್ ಇದೆಯಾ? ಔಟ್‌ಪುಟ್ ಯಾವುದರಲ್ಲಿ ನೋಡುತ್ತಿದ್ದೀಯ?

ನಾನು ಇಪ್ಪತ್ತು ವರ್ಷದ ಮೇಲೆ ಅನಲಾಗ್ ಬೋರ್ಡ್‌ಗಳನ್ನೇ ಮಾಡಿದವಳು. ನನ್ನ ಹತ್ತಿರ ಬಂದ ಇಸಿಜಿ ತಕರಾರುಗಳಲ್ಲಿ ಚಿಪ್‌ನದ್ದೇ ತಪ್ಪು ಅಂತ ಆಗಿದ್ದು ಬಹಳ ಕಡಿಮೆ.

ಕಾಫಿತೋಟ · ಸೋಮವಾರ ರಾತ್ರಿ 10:18

ಮೇಡಂ, 5ನೇ ಪಿನ್ ಗ್ರೌಂಡ್‌ಗೆ ಹಾಕಿದ್ದೇನೆ. ಎಲೆಕ್ಟ್ರೋಡ್ ಎರಡು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಜೆಲ್ ಇರುವ ಸ್ಟಿಕ್ಕರ್, ಎರಡು ಮುಂಗೈಗೂ ಒಂದೊಂದು. ರೆಸಿಸ್ಟರ್ ಏನೂ ಇಲ್ಲ. ಆಸಿಲೋಸ್ಕೋಪ್ ಮನೆಯಲ್ಲಿ ಇಲ್ಲ. ಇಎಸ್‌ಪಿ32ನ ಯುಎಸ್‌ಬಿ ಲ್ಯಾಪ್‌ಟಾಪ್‌ಗೆ ಹೋಗುತ್ತದೆ, ಅದರಲ್ಲೇ ಗ್ರಾಫ್ ನೋಡುತ್ತೇನೆ. ಬ್ಯಾಟರಿ ನಿಲ್ಲುವುದಿಲ್ಲ, ಅದಕ್ಕೆ ಲ್ಯಾಪ್‌ಟಾಪ್ ಯಾವಾಗಲೂ ಚಾರ್ಜರ್‌ನಲ್ಲೇ ಇರುತ್ತದೆ.

ವಾರ್ಡ್_ಮೆಕ್ಯಾನಿಕ್ · ಸೋಮವಾರ ರಾತ್ರಿ 10:24

ತಂಗಿ, ಉಳಿದದ್ದು ಆಮೇಲೆ. ಮೊದಲು ಆ ಚಾರ್ಜರ್ ಕಿತ್ತು ಹಾಕು.

ನಾನು ಧಾರವಾಡದ ಕಡೆ ಆಸ್ಪತ್ರೆ ಉಪಕರಣ ರಿಪೇರಿ ಮಾಡುವವನು. ಈಗ ನಿನ್ನ ಎರಡೂ ಕೈ ಒಂದು ಸರ್ಕ್ಯೂಟ್‌ಗೆ, ಆ ಸರ್ಕ್ಯೂಟ್ ಲ್ಯಾಪ್‌ಟಾಪ್‌ಗೆ, ಲ್ಯಾಪ್‌ಟಾಪ್ ಗೋಡೆಯ ಪ್ಲಗ್‌ಗೆ ಸೇರಿದೆ. ಚಾರ್ಜರ್ ಒಳಗಿನ ಇನ್ಸುಲೇಶನ್ ಒಂದು ದಿನ ಕೈಕೊಟ್ಟರೆ 230 ವೋಲ್ಟ್ ಹೋಗುವ ದಾರಿ ಒಂದು ಕೈಯಿಂದ ಇನ್ನೊಂದು ಕೈಗೆ. ಮಧ್ಯದಲ್ಲಿ ಇರುವುದು ಎದೆ. ಜೆಲ್ ಬೇರೆ ಹಚ್ಚಿದ್ದೀಯ, ಚರ್ಮದ ತಡೆಯೂ ಹೋಯಿತು. ಹೃದಯಕ್ಕೆ ನೇರ ತಾಗುವ ಸಿಎಫ್ ವರ್ಗದ ಉಪಕರಣದಲ್ಲಿ, ಎಲ್ಲಾ ಸರಿಯಿದ್ದಾಗಲೂ, ರೋಗಿಯ ಮೈಗೆ ಹರಿಯುವ ಲೀಕೇಜ್ 10 ಮೈಕ್ರೋಆಂಪ್ ದಾಟಬಾರದು ಅಂತ ವೈದ್ಯಕೀಯ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601 ಹೇಳುತ್ತದೆ. ಮೈಗೆ ತಾಗಿದರೂ ಹೃದಯಕ್ಕೆ ನೇರ ತಾಗದ ಬಿಎಫ್ ವರ್ಗಕ್ಕೆ 100. ಮಿಲಿಆಂಪ್ ಅಲ್ಲ, ಮೈಕ್ರೋಆಂಪ್.

ಬೋರ್ಡ್‌ಗೆ ಬ್ಯಾಟರಿ ಹಾಕು. ಇಎಸ್‌ಪಿ32ನಲ್ಲಿ ಬ್ಲೂಟೂತ್ ಇದೆಯಲ್ಲ, ಡೇಟಾ ಅದರಲ್ಲಿ ಕಳಿಸು. ಲ್ಯಾಬ್‌ನ ಆಸಿಲೋಸ್ಕೋಪ್‌ಗೂ ಇದೇ ಮಾತು. ಅದರ ಪ್ರೋಬ್‌ನ ಗ್ರೌಂಡ್ ಕ್ಲಿಪ್ ನೇರ ಅರ್ಥಿಂಗ್‌ಗೆ ಹೋಗಿರುತ್ತದೆ. ಮೈಮೇಲೆ ಎಲೆಕ್ಟ್ರೋಡ್ ಇರುವಾಗ ಅದನ್ನು ಬೋರ್ಡ್‌ಗೆ ಸಿಕ್ಕಿಸಬೇಡ.

ಕಾಫಿತೋಟ · ಸೋಮವಾರ ರಾತ್ರಿ 10:31

ತೆಗೆದೆ ಸರ್. ಇದನ್ನು ಯಾರೂ ಹೇಳಿರಲಿಲ್ಲ. ಪವರ್ ಬ್ಯಾಂಕ್‌ಗೆ ಹಾಕಿ ಬ್ಲೂಟೂತ್‌ನಲ್ಲಿ ಕಳಿಸುತ್ತೇನೆ. ತುಂಬಾ ಥ್ಯಾಂಕ್ಸ್.

ಬೆಸುಗೆಕಡ್ಡಿ · ಸೋಮವಾರ ರಾತ್ರಿ 11:10

ಸರ್ ಹೇಳಿದ್ದು ಎಲ್ಲಕ್ಕಿಂತ ಮುಖ್ಯ. ಈಗ ನಿನ್ನ ಸರ್ಕ್ಯೂಟ್‌ಗೆ ಬರೋಣ.

ನಿನ್ನ ಚಿಪ್ ಕೆಟ್ಟಿಲ್ಲ. ಅದಕ್ಕೆ ಹೊಟ್ಟೆಗೇ ಸಾಲುತ್ತಿಲ್ಲ. ಎಡಿ620ಗೆ ಕನಿಷ್ಠ ಪ್ಲಸ್ ಮೈನಸ್ 2.3 ವೋಲ್ಟ್, ಅಂದರೆ ಒಟ್ಟು 4.6 ವೋಲ್ಟ್ ಬೇಕು. ನೀನು ಕೊಟ್ಟಿರುವುದು 3.3. ಹೋಗಲಿ, 5 ವೋಲ್ಟ್ ಕೊಟ್ಟರೆ? ಆಗ ಇನ್‌ಪುಟ್ ಕೆಳಗಿನ ರೈಲ್‌ನಿಂದ (ಸಪ್ಲೈನ ಕೆಳತುದಿಯಿಂದ) 1.9 ವೋಲ್ಟ್ ಮೇಲೆಯೂ ಮೇಲಿನ ರೈಲ್‌ನಿಂದ 1.2 ಕೆಳಗೂ ಇರಬೇಕು. 1.9ರಿಂದ 3.8ರ ಒಳಗೆ ಅಂತ ಆಯಿತು. ಔಟ್‌ಪುಟ್ ಕೂಡ 1.1 ವೋಲ್ಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ನಿನ್ನ ರೆಫರೆನ್ಸ್ ಪಿನ್ ಗ್ರೌಂಡ್‌ನಲ್ಲಿದೆ. ಅಂದರೆ ಚಿಪ್ ಮುಟ್ಟಲಾಗದ ಜಾಗಕ್ಕೆ ಹೋಗು ಅಂತ ಹೇಳುತ್ತಿದ್ದೀಯ. ಎಡಿ620, ಐಎನ್‌ಎ128 ಎರಡೂ ದೊಡ್ಡ ಸಪ್ಲೈ ಇದ್ದ ಕಾಲದ ಚಿಪ್‌ಗಳು, 18 ವೋಲ್ಟ್ ಪ್ಲಸ್ ಮೈನಸ್‌ವರೆಗೂ ತಡೆಯುತ್ತವೆ. ಎರಡು 9 ವೋಲ್ಟ್ ಬ್ಯಾಟರಿ ಹಾಕಿದರೆ ಆರಾಮಾಗಿ ಓಡುತ್ತವೆ.

ಎರಡನೆಯದು ಗೇನ್. ಇದನ್ನು ಸ್ವಲ್ಪ ನಿಧಾನವಾಗಿ ಓದು, ಯಾಕೆಂದರೆ ಚಿಪ್ ಆರಿಸುವುದು ನಿಜವಾಗಿ ಇಲ್ಲೇ ತೀರ್ಮಾನವಾಗುತ್ತದೆ. ಜೆಲ್ ಇರುವ ಎಲೆಕ್ಟ್ರೋಡ್ ಅಂದರೆ ಒಂದು ಪುಟ್ಟ ಬ್ಯಾಟರಿ. ಬೆಳ್ಳಿ, ಅದರ ಮೇಲೆ ಸಿಲ್ವರ್ ಕ್ಲೋರೈಡ್, ಆಮೇಲೆ ಉಪ್ಪಿನ ಜೆಲ್. ಒಂದೊಂದರಲ್ಲೂ ಸುಮಾರು 220 ಮಿಲಿವೋಲ್ಟ್ ಹುಟ್ಟುತ್ತದೆ. ಎರಡೂ ಒಂದೇ ತರಹ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಯಾವತ್ತೂ ಒಂದೇ ತರಹ ಇರುವುದಿಲ್ಲ. ಜೆಲ್ ಒಣಗಿರುತ್ತದೆ, ಬೆವರು ಸೇರಿರುತ್ತದೆ, ಚರ್ಮ ಬೇರೆ ಇರುತ್ತದೆ. ಅದಕ್ಕೇ ಇಸಿಜಿ ಉಪಕರಣಗಳು 300 ಮಿಲಿವೋಲ್ಟ್‌ವರೆಗಿನ ವ್ಯತ್ಯಾಸವನ್ನು ತಾಳಿಕೊಂಡು ಕೆಲಸ ಮಾಡಬೇಕು ಅಂತ ನಿಯಮ ಇದೆ. ನಿನಗೆ ಬೇಕಾದ ಸಿಗ್ನಲ್ 1 ಮಿಲಿವೋಲ್ಟ್. 50 ಕೆಜಿ ಅಕ್ಕಿ ಮೂಟೆ ಮೇಲೆ ಒಂದು ಪಾವಿಗಿಂತ ಕಡಿಮೆ ಅಕ್ಕಿ ಇಟ್ಟು, ಆ ಪಾವಿನ ತೂಕ ಮಾತ್ರ ಹೇಳು ಅಂದ ಹಾಗೆ. ಮೂಟೆ ಸಮೇತ 1000 ಪಟ್ಟು ಮಾಡಲು ಹೋದರೆ 300 ವೋಲ್ಟ್ ಬೇಕಾಗುತ್ತದೆ. ಇರುವುದು 3.3.

ಆದ್ದರಿಂದ ಮೊದಲ ಹಂತದಲ್ಲಿ ಗೇನ್ 5ರಿಂದ 10. ಆಮೇಲೆ ಹೈಪಾಸ್ ಫಿಲ್ಟರ್, ಅಂದರೆ ನಿಧಾನದ್ದನ್ನು ತಡೆದು ವೇಗದ್ದನ್ನು ಮಾತ್ರ ಬಿಡುವ ಫಿಲ್ಟರ್, ಹಾಕಿ ಮೂಟೆಯನ್ನು ಕೆಳಗಿಳಿಸು. ಆಮೇಲೆ ಎರಡನೇ ಹಂತದಲ್ಲಿ 100, 150, ಎಷ್ಟು ಬೇಕೋ ಅಷ್ಟು. ಇದು ನನ್ನ ಸ್ವಂತ ಕಂಡುಹಿಡಿತ ಅಲ್ಲ. ಎಡಿ620 ಡೇಟಾಶೀಟ್‌ನಲ್ಲೇ ಒಂದು ಇಸಿಜಿ ಸರ್ಕ್ಯೂಟ್ ಇದೆ. ಮೊದಲ ಹಂತ 7, ನಂತರ 0.03 ಹರ್ಟ್ಝ್ ಹೈಪಾಸ್, ನಂತರ 143. ಗುಣಿಸಿ ನೋಡು, 1001 ಬರುತ್ತದೆ.

ಮೂರನೆಯದು ಇನ್‌ಪುಟ್ ದಾರಿ. ಚಿಪ್‌ನ ಇನ್‌ಪುಟ್ ಟ್ರಾನ್ಸಿಸ್ಟರ್‌ಗೆ ತೊಟ್ಟು ಕರೆಂಟ್ ಬೇಕೇ ಬೇಕು. ಎಡಿ620ಗೆ ಹೆಚ್ಚೆಂದರೆ 1ರಿಂದ 2 ನ್ಯಾನೋಆಂಪ್. ಆ ತೊಟ್ಟು ವಾಪಸ್ ಬರಲು ದಾರಿ ಇಲ್ಲದಿದ್ದರೆ ಇನ್‌ಪುಟ್ ತಾನಾಗಿ ತೇಲಿಕೊಂಡು ಹೋಗಿ ರೈಲ್‌ಗೆ ಅಂಟಿಕೊಳ್ಳುತ್ತದೆ. ನಿನ್ನ ಬೋರ್ಡ್‌ನಲ್ಲಿ ಮೂರನೇ ಎಲೆಕ್ಟ್ರೋಡ್ ಇಲ್ಲ, ರೆಸಿಸ್ಟರೂ ಇಲ್ಲ. ಎರಡೂ ಇನ್‌ಪುಟ್‌ನಿಂದ 10 ಮೆಗಾಓಮ್ ರೆಸಿಸ್ಟರ್ ಒಂದೊಂದನ್ನು ಸಪ್ಲೈನ ಮಧ್ಯದ ವೋಲ್ಟೇಜ್‌ಗೆ ಹಾಕು.

ಎಂಟುಕಾಲು · ಮಂಗಳವಾರ ಬೆಳಿಗ್ಗೆ 7:15

ಮೇಡಂ ಹೇಳಿದ್ದು ಒಪ್ಪುತ್ತೇನೆ. ಆದರೂ ನನ್ನ ಅನುಭವದಲ್ಲಿ ಸಿಎಂಆರ್‌ಆರ್ ಒಂದೇ ನೋಡಿದರೆ ಸಾಕು. ಎರಡೂ ಕೈಗೆ ಒಂದೇ ಸಮ ಬರುವ 50 ಹರ್ಟ್ಝ್ ಗಲಾಟೆಯನ್ನು ಚಿಪ್ ಎಷ್ಟು ತಳ್ಳಿಹಾಕುತ್ತದೆ ಅನ್ನುವುದೇ ಇಸಿಜಿಯ ಜೀವಾಳ. ಐಎನ್‌ಎ128ರಲ್ಲಿ ಅದು 120 ಡಿಬಿ, ಅಂದರೆ ಹತ್ತು ಲಕ್ಷ ಪಟ್ಟು. ಎಡಿ620ರ ಎ ಗ್ರೇಡ್‌ಗೆ ಡೇಟಾಶೀಟ್ ಕೊಡುವ ಕನಿಷ್ಠ ಅಂಕಿ ಅಷ್ಟಿಲ್ಲ. ಪಿನ್‌ಗಳೂ ಅವೇ, ತೆಗೆದು ಅದೇ ಸಾಕೆಟ್‌ಗೆ ಹಾಕಬಹುದು. ನಾನಾಗಿದ್ದರೆ ಸುಮ್ನೆ ಐಎನ್‌ಎ128 ತಗೊಂಡು ಎರಡು 9 ವೋಲ್ಟ್ ಬ್ಯಾಟರಿ ಹಾಕುತ್ತಿದ್ದೆ.

ಬೆಸುಗೆಕಡ್ಡಿ · ಮಂಗಳವಾರ ಬೆಳಿಗ್ಗೆ 8:50

ಐಎನ್‌ಎ128 ಒಳ್ಳೆಯ ಚಿಪ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 120 ಡಿಬಿ ಬರುವುದು ಗೇನ್ 100 ಮುಟ್ಟಿದ ಮೇಲೆ. ಗೇನ್ 10ರಲ್ಲಿ ಅದೇ ಡೇಟಾಶೀಟ್ ಕನಿಷ್ಠ 100 ಅಂತ ಕೊಡುತ್ತದೆ. ಎಲೆಕ್ಟ್ರೋಡ್ ಆಫ್‌ಸೆಟ್‌ನಿಂದಾಗಿ, ಅಂದರೆ ಆ 300 ಮಿಲಿವೋಲ್ಟ್ ಮೂಟೆಯಿಂದಾಗಿ, ನಾವು 10ರ ಹತ್ತಿರವೇ ನಿಲ್ಲಬೇಕು, ಅಲ್ವಾ?

ಇನ್ನೂ ದೊಡ್ಡ ವಿಷಯ ಬೇರೆ ಇದೆ. ಪೆನ್ನು ಹಿಡಿದು ಲೆಕ್ಕ ಹಾಕೋಣ.

ಮನೆಯ ವೈರಿಂಗ್‌ಗೂ ನಮ್ಮ ಮೈಗೂ ಮಧ್ಯೆ ಗಾಳಿಯಲ್ಲೇ ಒಂದು ಪುಟ್ಟ ಕೆಪಾಸಿಟರ್ ಇದೆ. 3 ಪಿಕೋಫ್ಯಾರಡ್ ಅಂದುಕೊಳ್ಳಿ. 230 ವೋಲ್ಟ್, 50 ಹರ್ಟ್ಝ್‌ಗೆ ಅದರ ಮೂಲಕ 0.2 ಮೈಕ್ರೋಆಂಪ್‌ನಷ್ಟು ಮೈಗೆ ಹರಿಯುತ್ತದೆ. ಮೂರನೇ ಎಲೆಕ್ಟ್ರೋಡ್ ಇದ್ದು, ಅದರ ತಡೆ 50 ಕಿಲೋಓಮ್ ಆದರೆ, ಮೈ ಮೇಲೆ ಹುಟ್ಟುವ ಕಾಮನ್ ಮೋಡ್ ವೋಲ್ಟೇಜ್ (ಎರಡೂ ಕೈಗೆ ಒಂದೇ ಸಮ ಬರುವ ಗಲಾಟೆ) 10 ಮಿಲಿವೋಲ್ಟ್ ಆಸುಪಾಸು. ಮೂರನೇ ಎಲೆಕ್ಟ್ರೋಡ್ ಇಲ್ಲದಿದ್ದರೆ ಅದು ಸಲೀಸಾಗಿ ವೋಲ್ಟ್‌ಗೆ ಏರಬಹುದು.

ಈಗ ಚಿಪ್ ಕಡೆ ನೋಡಿ. 10 ಮಿಲಿವೋಲ್ಟ್ ಗಲಾಟೆಗೆ 100 ಡಿಬಿ ಚಿಪ್ ಒಳಗೆ ಬಿಡುವುದು 0.1 ಮೈಕ್ರೋವೋಲ್ಟ್. 120 ಡಿಬಿ ಚಿಪ್ ಬಿಡುವುದು 0.01. ಇಸಿಜಿಯ 1000 ಮೈಕ್ರೋವೋಲ್ಟ್ ಮುಂದೆ ಎರಡೂ ಲೆಕ್ಕಕ್ಕಿಲ್ಲ.

ಹಾಗಾದರೆ ಸ್ಕ್ರೀನ್ ಮೇಲೆ ಕಾಣುವ 50 ಹರ್ಟ್ಝ್ ಎಲ್ಲಿಂದ ಬಂತು? ಎರಡು ಎಲೆಕ್ಟ್ರೋಡ್‌ಗಳ ತಡೆ ಬೇರೆ ಬೇರೆ ಇರುವುದರಿಂದ. ಒಂದು 10 ಕಿಲೋಓಮ್, ಇನ್ನೊಂದು 30 ಅಂದುಕೊಳ್ಳಿ. ವ್ಯತ್ಯಾಸ 20 ಕಿಲೋಓಮ್. ಇನ್‌ಪುಟ್‌ನಲ್ಲಿ 10 ಮೆಗಾಓಮ್ ರೆಸಿಸ್ಟರ್ ಇದೆ. 20 ಕಿಲೋವನ್ನು 10 ಮೆಗಾದಿಂದ ಭಾಗಿಸಿದರೆ 0.002. ಡಿಬಿಯಲ್ಲಿ ಹೇಳಿದರೆ ಬರೀ 54. ಚಿಪ್‌ನ 120 ಇಲ್ಲಿಗೇ ಮುಗಿಯಿತು. 10 ಮಿಲಿವೋಲ್ಟ್ ಗಲಾಟೆಯಲ್ಲಿ 20 ಮೈಕ್ರೋವೋಲ್ಟ್ ನಿಜವಾದ ಸಿಗ್ನಲ್ ತರಹ ವೇಷ ಹಾಕಿಕೊಂಡು ಒಳಗೆ ಬರುತ್ತದೆ. ಅದನ್ನು ಯಾವ ಚಿಪ್ಪೂ ಗುರುತಿಸಲಾರದು. ಮೂರನೇ ಎಲೆಕ್ಟ್ರೋಡ್ ಇಲ್ಲದೆ ಗಲಾಟೆ 1 ವೋಲ್ಟ್ ಆಗಿಬಿಟ್ಟರೆ ಒಳಗೆ ಬರುವುದು 2 ಮಿಲಿವೋಲ್ಟ್. ಇಸಿಜಿಯ ಎರಡರಷ್ಟು!

ರೆಸಿಸ್ಟರ್ ತೆಗೆದರೂ ಪೂರ್ತಿ ಬಿಡುಗಡೆ ಇಲ್ಲ. ಒಂದು ಮೀಟರ್ ಶೀಲ್ಡ್ ಕೇಬಲ್‌ನಲ್ಲಿ 100 ಪಿಕೋಫ್ಯಾರಡ್ ಇದ್ದರೆ 50 ಹರ್ಟ್ಝ್‌ಗೆ ಅದೇ 32 ಮೆಗಾಓಮ್ ಆಗಿ ಕೂರುತ್ತದೆ.

ನನ್ನ ಮಾತು ಇಷ್ಟೇ. ಮೊದಲು ಮೈ ಮೇಲಿನ ಗಲಾಟೆ ಕಡಿಮೆ ಮಾಡಬೇಕು, ಅಂದರೆ ಬಲಗಾಲಿಗೆ ಡ್ರೈವ್ ಕೊಡಬೇಕು, ಆ ಗಲಾಟೆಯನ್ನೇ ಉಲ್ಟಾ ಮಾಡಿ ಮೂರನೇ ಎಲೆಕ್ಟ್ರೋಡ್ ಮೂಲಕ ಮೈಗೆ ವಾಪಸ್ ಕಳಿಸಬೇಕು. ಆಮೇಲೆ ಎರಡೂ ಎಲೆಕ್ಟ್ರೋಡ್ ಒಂದೇ ಸಮ ಇರುವ ಹಾಗೆ ನೋಡಿಕೊಳ್ಳಬೇಕು. ವಿಂಟರ್ ಮತ್ತು ವೆಬ್‌ಸ್ಟರ್ 1983ರಲ್ಲೇ ಬಲಗಾಲು ಡ್ರೈವ್ ಬಗ್ಗೆ ಇಡೀ ಒಂದು ಪ್ರಬಂಧ ಬರೆದಿದ್ದಾರೆ. ಚಿಪ್‌ನ ಡಿಬಿ ಬಗ್ಗೆ ಯೋಚಿಸುವುದು ಇವೆರಡೂ ಆದ ಮೇಲೆ.

ಎಂಟುಕಾಲು · ಮಂಗಳವಾರ ಬೆಳಿಗ್ಗೆ 9:20

ಮೇಡಂ, ಲೆಕ್ಕ ನಾನೇ ಇನ್ನೊಂದು ಸಲ ಹಾಕಿ ನೋಡಿದೆ. ನಿಮ್ಮದೇ ಸರಿ. ನನ್ನ ಬೋರ್ಡ್ ಚೆನ್ನಾಗಿ ಬಂದಿದ್ದು ಐಎನ್‌ಎ128ರಿಂದ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದರಲ್ಲಿ ಬಲಗಾಲು ಡ್ರೈವ್ ಇತ್ತು. ಅದರದೇ ಕೆಲಸ ಇರಬೇಕು.

ವಾರ್ಡ್_ಮೆಕ್ಯಾನಿಕ್ · ಮಂಗಳವಾರ ಮಧ್ಯಾಹ್ನ 1:30

ಮೇಡಂ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಉದಾಹರಣೆ.

ಒಂದು ಆಸ್ಪತ್ರೆಯಲ್ಲಿ ಇಸಿಜಿ ಮೆಷಿನ್ ಗೆರೆ ಮೇಲೆ ಕೆಳಗೆ ಓಡುತ್ತಿತ್ತು. ಆಂಪ್ಲಿಫೈಯರ್ ಹೋಗಿದೆ ಅಂತ ಬೋರ್ಡ್ ಬದಲಾಯಿಸಿದ್ದರು. ಸರಿ ಆಗಿರಲಿಲ್ಲ. ನಾನು ಹೋದಾಗ ಕೈಕಾಲಿಗೆ ಹಾಕುವ ನಾಲ್ಕು ಕ್ಲಿಪ್ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಹೊಳೆಯುತ್ತಿದ್ದವು. ಒಂದರ ಲೇಪ ಸವೆದು ಒಳಗಿನ ಹಳದಿ ಲೋಹ ಕಾಣುತ್ತಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಉಪ್ಪುನೀರಲ್ಲಿ ಒದ್ದೆ ಮಾಡಿದ ಬಟ್ಟೆ ಚೂರಿನ ಮೇಲೆ ಒಳ್ಳೆಯದೊಂದು, ಕೆಟ್ಟದ್ದೊಂದು ಇಟ್ಟು ಮಲ್ಟಿಮೀಟರ್ ಹಿಡಿದೆ. 180 ಮಿಲಿವೋಲ್ಟ್ ತೋರಿಸಿತು. ಬಟ್ಟೆ ಸ್ವಲ್ಪ ಒತ್ತಿದರೆ ಸಾಕು, ಅಂಕಿ ಕುಣಿಯುತ್ತಿತ್ತು. ಕ್ಲಿಪ್ ಬದಲಾಯಿಸಿದೆ, ಗೆರೆ ನೆಟ್ಟಗಾಯಿತು. ಅವರು ತೆಗೆದಿಟ್ಟಿದ್ದ ಹಳೇ ಬೋರ್ಡನ್ನೇ ಮತ್ತೆ ಹಾಕಿದೆ, ಅದೂ ಸರಿಯಾಗೇ ಓಡಿತು.

ಇಸಿಜಿಗೆ ಅಡಿಪಾಯ ಹಾಕಿದ ಡಚ್ ವಿಜ್ಞಾನಿ ಐಂಥೋವನ್ ಇಸಿಜಿ ತೆಗೆದಾಗ ಆಂಪ್ಲಿಫೈಯರ್ ಅನ್ನುವುದೇ ಇರಲಿಲ್ಲ. ಕಾಂತದ ನಡುವೆ ಒಂದು ಸಣ್ಣ ಎಳೆ, ಅದರ ನೆರಳು, ಅಷ್ಟೇ. ರೋಗಿಗಳ ಕೈ ಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಮುಳುಗಿಸುತ್ತಿದ್ದರು. ಅಷ್ಟು ಅಗಲದ ಚರ್ಮ ಒದ್ದೆಯಾದಾಗ ತಡೆ ಕಡಿಮೆಯಾಗುತ್ತಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಎಲೆಕ್ಟ್ರೋಡ್ ಒಳ್ಳೆಯದಿದ್ದರೆ ಎಷ್ಟು ದೂರ ಹೋಗಬಹುದು ನೋಡಿ.

ನಿದ್ದೆತರಂಗ · ಮಂಗಳವಾರ ಸಂಜೆ 6:10

ಎಲ್ಲವನ್ನೂ ಓದಿದೆ, ತುಂಬಾ ಉಪಯೋಗ ಆಯಿತು. ನನ್ನದು ಇಇಜಿ. ನಿದ್ದೆಯಲ್ಲಿ ಮೆದುಳಿನ ಅಲೆ ನೋಡಬೇಕು. ಐಎನ್‌ಎ333 ನನ್ನ ಹತ್ತಿರ ಇದೆ, 3.3 ವೋಲ್ಟ್‌ನಲ್ಲಿ ಓಡುತ್ತೆ, 50 ಮೈಕ್ರೋಆಂಪ್ ಅಷ್ಟೇ ಕುಡಿಯುತ್ತೆ. ಇಇಜಿಗೂ ಅದೇ ಸಾಕಾ?

ಬೆಸುಗೆಕಡ್ಡಿ · ಮಂಗಳವಾರ ಸಂಜೆ 7:45

ಇಲ್ಲಿ ಮಾತ್ರ ಚಿಪ್ ಆಯ್ಕೆ ನಿಜವಾಗಿ ಮುಖ್ಯ ಆಗುತ್ತದೆ. ತಲೆಯ ಚರ್ಮದ ಮೇಲೆ ಸಿಗುವುದು ಹೆಚ್ಚಾಗಿ 10ರಿಂದ 100 ಮೈಕ್ರೋವೋಲ್ಟ್. ಇಸಿಜಿಯ ಹತ್ತನೇ ಒಂದು ಭಾಗ, ಕೆಲವೊಮ್ಮೆ ನೂರನೇ ಒಂದು ಭಾಗ.

ಐಎನ್‌ಎ333ರ ನಾಯ್ಸ್, ಅಂದರೆ ಚಿಪ್ ತಾನೇ ಹುಟ್ಟಿಸುವ ಗಲಾಟೆ, ಪ್ರತಿ ರೂಟ್ ಹರ್ಟ್ಝ್‌ಗೆ 50 ನ್ಯಾನೋವೋಲ್ಟ್. 40 ಹರ್ಟ್ಝ್ ಅಗಲಕ್ಕೆ ಲೆಕ್ಕ ಹಾಕಿದರೆ 0.32 ಮೈಕ್ರೋವೋಲ್ಟ್ ಆರ್‌ಎಂಎಸ್. ಗ್ರಾಫ್‌ನಲ್ಲಿ ತುದಿಯಿಂದ ತುದಿಗೆ 2 ಮೈಕ್ರೋವೋಲ್ಟ್ ದಪ್ಪದ ಗೆರೆ. ಇಸಿಜಿಗೆ ಇದು ಏನೂ ಅಲ್ಲ. 10 ಮೈಕ್ರೋವೋಲ್ಟ್ ಅಲೆ ಹುಡುಕುವವರಿಗೆ ಇದು ಜಾಸ್ತಿ. ನಿದ್ದೆಯ ದೊಡ್ಡ ನಿಧಾನ ಅಲೆಗಳು ಕಾಣುತ್ತವೆ, ಸಣ್ಣವು ಮಸುಕಾಗುತ್ತವೆ.

ಎಡಿ620ರಲ್ಲಿ ಅದು 9, ಐಎನ್‌ಎ128ರಲ್ಲಿ 8. ಆದರೆ ಇಲ್ಲೂ ಒಂದು ಎಚ್ಚರ. ಆ ಅಂಕಿ ಜಾಸ್ತಿ ಗೇನ್‌ಗೆ. ಎಡಿ620ರ ಔಟ್‌ಪುಟ್ ಹಂತದ ನಾಯ್ಸ್ 72, ಅದನ್ನು ಗೇನ್‌ನಿಂದ ಭಾಗಿಸಿ ಸೇರಿಸಬೇಕು. ಗೇನ್ 7ರಲ್ಲಿ ಒಟ್ಟು ಸುಮಾರು 14 ಆಗುತ್ತದೆ. ಆದರೂ ಐಎನ್‌ಎ333ಗಿಂತ ಎಷ್ಟೋ ವಾಸಿ. ಜೊತೆಗೆ ಎಲೆಕ್ಟ್ರೋಡ್‌ನದ್ದೇ ನಾಯ್ಸ್ ಇದೆ. 10 ಕಿಲೋಓಮ್ ರೆಸಿಸ್ಟರ್ ಸುಮ್ನೆ ಕೂತಿದ್ದರೂ 13 ನ್ಯಾನೋವೋಲ್ಟ್ ಹುಟ್ಟಿಸುತ್ತದೆ, 100 ಕಿಲೋಓಮ್ ಆದರೆ 40. ಒಣ ಎಲೆಕ್ಟ್ರೋಡ್ ಹಾಕಿಕೊಂಡು 8 ನ್ಯಾನೋವೋಲ್ಟ್ ಚಿಪ್ ಹುಡುಕುವುದರಲ್ಲಿ ಅರ್ಥ ಇಲ್ಲ.

ಇಇಜಿಗೆ ನನ್ನ ಸಲಹೆ ಎಡಿಎಸ್1299. ಒಂದೇ ಚಿಪ್‌ನಲ್ಲಿ ಎಂಟು ಚಾನೆಲ್, ಸಿಗ್ನಲನ್ನು ಅಂಕಿಗೆ ಬದಲಾಯಿಸುವ 24 ಬಿಟ್ ಎಡಿಸಿ, 24ರವರೆಗೆ ಗೇನ್, 70 ಹರ್ಟ್ಝ್ ಅಗಲಕ್ಕೆ ತುದಿಯಿಂದ ತುದಿಗೆ 1 ಮೈಕ್ರೋವೋಲ್ಟ್ ನಾಯ್ಸ್. 24 ಬಿಟ್ ಇರುವುದರಿಂದ ಮೂಟೆಯನ್ನು ಇಳಿಸುವ ಗೋಜೇ ಇಲ್ಲ, ಮೂಟೆ ಸಮೇತ ತೂಗಿ ಆಮೇಲೆ ಕಳೆದರಾಯಿತು. ಇಇಜಿ ಹವ್ಯಾಸಿಗಳು ಬಳಸುವ ಓಪನ್‌ಬಿಸಿಐನ ಸೈಟನ್ ಬೋರ್ಡ್‌ನಲ್ಲಿ ಇರುವುದೂ ಇದೇ. ಕಷ್ಟ ಎಂದರೆ ಬೆಲೆ, ಮತ್ತೆ 64 ಪಿನ್‌ಗಳ ಬೆಸುಗೆ.

ತೋಳ್ಬಲ · ಮಂಗಳವಾರ ರಾತ್ರಿ 8:30

ಇಎಂಜಿ ಮಾಡುವವರಿಗೆ ನನ್ನದೊಂದು ಮಾತು. ಕೃತಕ ಕೈಗೆ ತೋಳಿನ ಸ್ನಾಯುವಿನ ಸಿಗ್ನಲ್ ತೆಗೆಯಲು ಎಡಿ8232 ಮಾಡ್ಯೂಲ್ ತಂದೆ. ಸ್ನಾಯು ಬಿಗಿ ಮಾಡಿದರೆ ಏನೋ ಸಣ್ಣಗೆ ಅಲುಗುತ್ತಿತ್ತು, ಅಷ್ಟೇ. ಚಿಪ್ ಸರಿ ಇತ್ತು. ಮಾಡ್ಯೂಲ್‌ನ ಫಿಲ್ಟರ್ 0.5ರಿಂದ 40 ಹರ್ಟ್ಝ್‌ಗೆ ಕೂರಿಸಿದ್ದರು. ಇಎಂಜಿ ಇರುವುದೇ 20ರಿಂದ 450 ಹರ್ಟ್ಝ್ ಒಳಗೆ. ಬಹುಪಾಲು ಅಲ್ಲೇ ಕತ್ತರಿಸಿ ಹೋಗುತ್ತಿತ್ತು. ಕೊನೆಗೆ ಐಎನ್‌ಎ128 ಗೇನ್ 10, 20 ಹರ್ಟ್ಝ್ ಹೈಪಾಸ್, ಮತ್ತೆ ಗೇನ್ 100 ಹಾಕಿದೆ. ಎರಡು ಎಲೆಕ್ಟ್ರೋಡ್ ನಡುವೆ 2 ಸೆಂಟಿಮೀಟರ್, ರೆಫರೆನ್ಸ್ ಮುಂಗೈ ಮೂಳೆ ಮೇಲೆ. ಈಗ ಬೆರಳು ಮಡಚಿದರೂ ಗೊತ್ತಾಗುತ್ತದೆ. ಸೆಕೆಂಡಿಗೆ 1000 ಸ್ಯಾಂಪಲ್ ಆದರೂ ತೆಗೆಯಿರಿ.

ಬೆಸುಗೆಕಡ್ಡಿ · ಮಂಗಳವಾರ ರಾತ್ರಿ 9:00

ಸರಿಯಾಗಿ ಹೇಳಿದಿರಿ. ಎಡಿ8232 ಬಗ್ಗೆ ಯಾರೂ ತಪ್ಪು ತಿಳಿಯುವುದು ಬೇಡ, ಅದು ಜಾಣ ಚಿಪ್. 300 ಮಿಲಿವೋಲ್ಟ್ ಆಫ್‌ಸೆಟ್ ಇದ್ದರೂ ಒಳಗೇ ಅದನ್ನು ಕಳೆದು 100 ಪಟ್ಟು ಮಾಡುತ್ತದೆ. 2ರಿಂದ 3.5 ವೋಲ್ಟ್‌ನಲ್ಲಿ ಓಡುತ್ತದೆ. ಬಲಗಾಲು ಡ್ರೈವ್ ಇದೆ, ವೈರ್ ಬಿಚ್ಚಿಕೊಂಡರೆ ಹೇಳುತ್ತದೆ. ಬಡಿತ ಎಣಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. 0.5 ಹರ್ಟ್ಝ್‌ನಿಂದ ಶುರು ಮಾಡಿದಾಗ ಎಸ್‌ಟಿ ಭಾಗ (ಬಡಿತದ ದೊಡ್ಡ ಮೊನೆಗೂ ಟಿ ಅಲೆಗೂ ನಡುವಿನ ಗೆರೆ) ಸೊಟ್ಟ ಆಗುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ. ಡಾಕ್ಟರ್ ಓದುವ ಇಸಿಜಿಗೆ 0.05ರಿಂದ 150 ಹರ್ಟ್ಝ್ ಬೇಕು. ಈ ಬೋರ್ಡ್‌ಗಳನ್ನು ನೋಡಿ ಯಾರಿಗೂ ಕಾಯಿಲೆ ಇದೆ, ಇಲ್ಲ ಅಂತ ಹೇಳಬಾರದು.

ಎಲ್‌ಎಂ324 ಬಗ್ಗೆಯೂ ಹೇಳಿಬಿಡುತ್ತೇನೆ. ಕಲಿಯಲು ಒಳ್ಳೆಯದು. ಆದರೆ ಮೂರನೇ ಆಪ್-ಆಂಪ್ ಸುತ್ತಲಿನ ನಾಲ್ಕು ರೆಸಿಸ್ಟರ್ 1 ಶೇಕಡಾದವು ಆದರೆ, ಕೆಟ್ಟ ಸಂದರ್ಭದಲ್ಲಿ ಆ ಹಂತದ ಸಿಎಂಆರ್‌ಆರ್ ಬರೀ 34 ಡಿಬಿ. ಅದಕ್ಕೂ ಮೊದಲಿನ ಹಂತದ ಗೇನ್ 10 ಸೇರಿಸಿದರೆ 54. ಕಾರ್ಖಾನೆಯಲ್ಲಿ ಲೇಸರ್‌ನಿಂದ ಕೊರೆದು ಸರಿ ಮಾಡಿದ ರೆಸಿಸ್ಟರ್‌ಗಳು ಚಿಪ್ ಒಳಗೆ ಕೂತಿರುತ್ತವೆ. ಚಿಪ್‌ಗೆ ಕೊಡುವ ದುಡ್ಡು ಮುಖ್ಯವಾಗಿ ಅದಕ್ಕೇ.

ಎಂಟುಕಾಲು · ಮಂಗಳವಾರ ರಾತ್ರಿ 9:35

ಕೊಳ್ಳುವಾಗ ಒಂದು ಎಚ್ಚರ. ಹಿಂದೆ ಒಂದು ಅಂಗಡಿಯಲ್ಲಿ ತುಂಬಾ ಕಡಿಮೆ ಬೆಲೆಗೆ ಎಡಿ620 ಸಿಕ್ಕಿತು ಅಂತ ಐದು ತಂದೆ. ಗೇನ್ ಸರಿಯಾಗಿ ಬರಲಿಲ್ಲ. ಸಪ್ಲೈ ದಾರಿಯಲ್ಲಿ ಮೀಟರ್ ಇಟ್ಟು ನೋಡಿದರೆ 3 ಮಿಲಿಆಂಪ್ ಎಳೆಯುತ್ತಿತ್ತು. ನಿಜವಾದ ಎಡಿ620 ಹೆಚ್ಚೆಂದರೆ 1.3. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದೆ, ಮೇಲಿನ ಬರಹ ಹತ್ತಿಗೆ ಬಂತು, ಅಡಿಯಲ್ಲಿ ಉಜ್ಜಿದ ಗುರುತು. ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ತಿರವೇ ತಗೊಳ್ಳಿ. ತಂದ ದಿನವೇ ಸಪ್ಲೈ ಕರೆಂಟ್ ಅಳೆಯಿರಿ. ಎರಡೇ ನಿಮಿಷದ ಕೆಲಸ.

ಕಾಫಿತೋಟ · ಮಂಗಳವಾರ ರಾತ್ರಿ 10:20

ಎಲ್ಲರಿಗೂ ಥ್ಯಾಂಕ್ಸ್. ನನಗೆ 3.3 ವೋಲ್ಟ್‌ನಲ್ಲೇ ಮಾಡಬೇಕು, ಅಲೆಗಳ ಆಕಾರವೂ ಬೇಕು, ಫಿಲ್ಟರ್ ನಾನೇ ಮಾಡಿ ಕಲಿಯಬೇಕು. ಅದಕ್ಕೆ ಐಎನ್‌ಎ333 ಅಂತ ತೀರ್ಮಾನ ಮಾಡಿದೆ. ಲೆಕ್ಕ ಸರಿ ಇದೆಯಾ ನೋಡಿ ಮೇಡಂ.

ಗೇನ್ ಅಂದರೆ 1 ಕೂಡಿಸು 100 ಕಿಲೋ ಭಾಗಿಸು ರೆಸಿಸ್ಟರ್. 12 ಕಿಲೋಓಮ್ ಎರಡು ಸರಣಿಯಲ್ಲಿ, ಒಟ್ಟು 24. ಗೇನ್ 5.2. ಎರಡರ ನಡುವಿನಿಂದ ಬಲಗಾಲು ಡ್ರೈವ್‌ಗೆ ಕಾಮನ್ ಮೋಡ್ ತೆಗೆಯುತ್ತೇನೆ. 300 ಮಿಲಿವೋಲ್ಟ್ ಬಂದರೂ 1.55 ವೋಲ್ಟ್, ಮಧ್ಯ 1.65 ಇರುವುದರಿಂದ ಹಿಡಿಸುತ್ತದೆ. ಆಮೇಲೆ 1 ಮೈಕ್ರೋಫ್ಯಾರಡ್, 330 ಕಿಲೋ, ಅಂದರೆ 0.48 ಹರ್ಟ್ಝ್. ಆಮೇಲೆ ಗೇನ್ 100. ಕೊನೆಗೆ 39 ಕಿಲೋ, 100 ನ್ಯಾನೋಫ್ಯಾರಡ್, 41 ಹರ್ಟ್ಝ್. ಮಧ್ಯದ ವೋಲ್ಟೇಜ್, ಎರಡನೇ ಹಂತ, ಬಲಗಾಲು ಡ್ರೈವ್ ಎಲ್ಲಕ್ಕೂ ನಾಲ್ಕು ಆಪ್-ಆಂಪ್ ಇರುವ ಒಂದೇ ಎಂಸಿಪಿ6004 ಚಿಪ್.

ಬೆಸುಗೆಕಡ್ಡಿ · ಮಂಗಳವಾರ ರಾತ್ರಿ 10:50

ಚೆನ್ನಾಗಿದೆ. ಬಲಗಾಲಿನ ದಾರಿಯಲ್ಲಿ 330 ಕಿಲೋಓಮ್ ಸರಣಿಯಲ್ಲಿ ಇರಲಿ. ಆಪ್-ಆಂಪ್ ಪೂರ್ತಿ 3.3 ವೋಲ್ಟ್ ಹಾಯಿಸಿದರೂ 10 ಮೈಕ್ರೋಆಂಪ್ ದಾಟದು. ಎರಡೂ ಇನ್‌ಪುಟ್‌ಗೆ 100 ಕಿಲೋ ಸರಣಿಯಲ್ಲಿ ಹಾಕು. ಇನ್‌ಪುಟ್ ಎರಡರ ನಡುವೆ ಒಂದು ಸಣ್ಣ ಕೆಪಾಸಿಟರ್ ಇಡು, ಇಎಸ್‌ಪಿ32ನ ರೇಡಿಯೋ ಗಲಾಟೆ ಒಳಗೆ ಬರುವುದು ತಪ್ಪುತ್ತದೆ.

ಇನ್ನೊಂದು ಎಚ್ಚರ. ಐಎನ್‌ಎ333ರ ಪಿನ್ ಜೋಡಣೆ ಎಡಿ620ರದ್ದೇ, ಆದರೆ ಅದು 5.5 ವೋಲ್ಟ್‌ವರೆಗೆ ಮಾತ್ರ. ಯಾರಾದರೂ 9 ವೋಲ್ಟ್ ಬ್ಯಾಟರಿ ಕೊಡಲು ಬಂದರೆ ಬೇಡ ಅನ್ನು. ಮೊದಲ ಸಲ ಆನ್ ಮಾಡುವಾಗ ಮೈಗೆ ಹಚ್ಚಬೇಡ. ಎರಡೂ ಇನ್‌ಪುಟ್ ಸೇರಿಸಿ ಮಧ್ಯದ ವೋಲ್ಟೇಜ್‌ಗೆ ಕಟ್ಟು. ಔಟ್‌ಪುಟ್ 1.65ರ ಹತ್ತಿರ ಸುಮ್ಮನೆ ಕೂತರೆ ಮಾತ್ರ ಮುಂದಿನ ಹೆಜ್ಜೆ.

ಕಾಫಿತೋಟ · ಮುಂದಿನ ಭಾನುವಾರ ಮಧ್ಯಾಹ್ನ 12:15

ಬಂತು!

ಚಿಪ್ ತುಂಬಾ ಚಿಕ್ಕದು, ಅಡಾಪ್ಟರ್ ಬೋರ್ಡ್ ಮೇಲೆ ಬೆಸುಗೆ ಹಾಕಲು ಎರಡು ಸಂಜೆ ಹಿಡಿಯಿತು. ಇನ್‌ಪುಟ್ ಸೇರಿಸಿ ನೋಡಿದಾಗ 1.65ರಲ್ಲಿ ಸದ್ದಿಲ್ಲದೆ ಕೂತಿತ್ತು. ಬ್ಯಾಟರಿಯಲ್ಲಿ, ಬ್ಲೂಟೂತ್‌ನಲ್ಲಿ, ಮೂರು ಎಲೆಕ್ಟ್ರೋಡ್ ಹಚ್ಚಿದೆ. ಬಡಿತ ತಕ್ಷಣ ಕಂಡಿತು. ಆದರೆ ಗೆರೆ ದಪ್ಪ, ಪಿ ಅಲೆ 50 ಹರ್ಟ್ಝ್ ಒಳಗೆ ಮುಚ್ಚಿ ಹೋಗಿತ್ತು. ಫ್ಯಾನ್ ಆರಿಸಿದೆ, ವೈರ್ ಮೂರನ್ನೂ ಜಡೆ ಹೆಣೆದ ಹಾಗೆ ಹೆಣೆದೆ, ಸ್ವಲ್ಪ ಕಡಿಮೆ ಆಯಿತು. ಆಮೇಲೆ ಎಲೆಕ್ಟ್ರೋಡ್ ಕಿತ್ತು ನೋಡಿದರೆ ಎಡಗೈದರ ಜೆಲ್ ಒಣಗಿ ರಬ್ಬರ್ ತರಹ ಆಗಿತ್ತು. ಹೋದ ತಿಂಗಳು ತೆರೆದ ಪ್ಯಾಕೆಟ್. ಹೊಸ ಪ್ಯಾಕೆಟ್ ತಂದೆ. ಸ್ಪಿರಿಟ್‌ನಿಂದ ಚರ್ಮ ಒರೆಸಿ, ಒರಟು ಬಟ್ಟೆಯಲ್ಲಿ ಸ್ವಲ್ಪ ಉಜ್ಜಿ ಅಂಟಿಸಿದೆ. ಸರ್ಕ್ಯೂಟ್‌ನಲ್ಲಿ ಒಂದು ರೆಸಿಸ್ಟರ್ ಕೂಡ ಬದಲಾಯಿಸಿಲ್ಲ. ಗೆರೆ ತೆಳ್ಳಗಾಯಿತು. ಪಿ ಅಲೆ ಸಣ್ಣ ದಿಬ್ಬದ ಹಾಗೆ ಎದ್ದು ಕಾಣುತ್ತಿದೆ. ಅಮ್ಮನನ್ನು ಕರೆದು ತೋರಿಸಿದೆ. ಉಸಿರು ಎಳೆದಾಗ ಬಡಿತ ಹತ್ತಿರ ಹತ್ತಿರ ಬರುತ್ತದೆ, ಬಿಟ್ಟಾಗ ದೂರ ಆಗುತ್ತದೆ. ಅದನ್ನೇ ಇಬ್ಬರೂ ಹತ್ತು ನಿಮಿಷ ನೋಡುತ್ತಾ ಕೂತಿದ್ದೆವು.

ಬೆಸುಗೆಕಡ್ಡಿ · ಭಾನುವಾರ ಮಧ್ಯಾಹ್ನ 12:40

ತುಂಬಾ ಸಂತೋಷ ಆಯಿತಮ್ಮ. ಆ ಒಣ ಎಲೆಕ್ಟ್ರೋಡ್ ಎಸೆಯಬೇಡ. ಹಳೆಯದು ಒಂದು ಕೈಗೆ, ಹೊಸದು ಇನ್ನೊಂದಕ್ಕೆ ಹಾಕಿ ಒಂದು ಗ್ರಾಫ್ ತೆಗೆದಿಡು. ಎರಡೂ ಹೊಸದು ಹಾಕಿ ಇನ್ನೊಂದು. ರಿಪೋರ್ಟ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕು. ನಿನ್ನ ಪ್ರಾಜೆಕ್ಟ್‌ನ ಅತ್ಯಂತ ಒಳ್ಳೆಯ ಪುಟ ಅದೇ ಆಗುತ್ತದೆ.

ವಾರ್ಡ್_ಮೆಕ್ಯಾನಿಕ್ · ಭಾನುವಾರ ಮಧ್ಯಾಹ್ನ 1:05

ಶಭಾಷ್ ತಂಗಿ. ಉಳಿದ ಸ್ಟಿಕ್ಕರ್ ಇರುವ ಪ್ಯಾಕೆಟ್‌ನ ಬಾಯಿ ಮಡಚಿ ಟೇಪ್ ಹಾಕಿ, ಗಾಳಿ ಆಡದ ಡಬ್ಬಿಯಲ್ಲಿ ಇಡು. ಪ್ಯಾಕೆಟ್ ಮೇಲೆ ಇವತ್ತಿನ ತಾರೀಕು ಬರಿ.